ಗೆಳೆಯನಿಗೊಂದು ಪತ್ರ: ಮೆಜೆಸ್ಟಿಕ್ ಯಾವ ಗಣ?

ಹನುಮಂತನಗರ, ಬೆಂಗಳೂರು

ಪ್ರೀತಿಯ ಸೀನ,

ನಿನ್ನ ಮಗನ ಪ್ರಿಪರೇಟರಿ ಪೇಪರಿನ ಫೋಟೋ ನೋಡಿದೆ. ಗದ್ಯ, ಪದ್ಯ, ಪತ್ರಲೇಖನ ಎಲ್ಲಾ ಚೆನ್ನಾಗೇ ಬರೆದಿದ್ದಾನೆ. ಪೆಟ್ಟು ಬಿದ್ದಿರುವುದು ಅಲಂಕಾರ, ಛಂದಸ್ಸಿನಲ್ಲಿ. "ಲಕ್ಷಣ ಎಲ್ಲಾ ಬಾಯಿಪಾಠ ಮಾಡಿಸಿದ್ದೆ ಕಣೋ, ಆದ್ರೂ ಹೀಗಾಯ್ತು" ಅಂತ ಕೊರಗಿದ್ದೀಯ. ನೋಡು, ಅವನು ಬರೆದ ಲಕ್ಷಣದಲ್ಲಿ ಒಂದಕ್ಷರ ತಪ್ಪಿಲ್ಲ. ಮಾರ್ಕ್ಸ್ ಹೋಗಿರುವುದು ಸಮನ್ವಯದಲ್ಲಿ, ಅಂದರೆ ಆ ಲಕ್ಷಣ ಕೊಟ್ಟ ಸಾಲಿಗೆ ಹೇಗೆ ಹೊಂದುತ್ತದೆ ಅಂತ ಬಿಡಿಸಿ ಹೇಳುವುದರಲ್ಲಿ. "ಮೇಲಿನ ಲಕ್ಷಣಕ್ಕೆ ಹೊಂದುವುದರಿಂದ ಇದು ಉಪಮಾಲಂಕಾರ" ಅಂತ ಒಂದು ಸಾಲು ಗೀಚಿ ಎದ್ದುಬಿಟ್ಟಿದ್ದಾನೆ. ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ ಅನ್ನುವ ಮಾತೇ ಇಲ್ಲ. ಅಂದರೆ ಆ ಸಾಲನ್ನು ಅವನು ಓದಿಯೇ ಇಲ್ಲ, ಹೆಸರು ಊಹಿಸಿದ್ದಾನೆ ಅಷ್ಟೇ.

ನನ್ನ ಅಕ್ಕನ ಮಗಳೂ ಈ ಸಲ ಹತ್ತನೇ ಕ್ಲಾಸು. ಸಂಜೆ ನಮ್ಮ ಮನೆಗೇ ಓದಲು ಬರುತ್ತಾಳೆ. ಅವಳ ಗೈಡಿನಲ್ಲಿ ಎಲ್ಲರಿಗೂ ಗೊತ್ತಿರುವ ಆ ಹಳೇ ಉದಾಹರಣೆ ಇದೆಯಲ್ಲ, ಮುಖ ಚಂದ್ರನಂತಿದೆ ಅಂತ, ಅದನ್ನು ಓದಿ "ಮಾಮ, ಚಂದ್ರನ ಥರ ಅಂದ್ರೆ ಏನು? ದುಂಡಗಿದೆ ಅಂತಾನಾ? ತಣ್ಣಗಿದೆ ಅಂತಾನಾ? ಕಲೆ ಇದೆ ಅಂತಾನಾ?" ಅಂದಳು. ನಗು ಬಂತು. ಆದರೆ ಅವಳು ಕೇಳಿದ್ದು ಸಮಾನಧರ್ಮವನ್ನೇ, ಅಂದರೆ ಎರಡಕ್ಕೂ ಇರುವ ಗುಣವನ್ನೇ. ಆ ವಾಕ್ಯದಲ್ಲಿ ಉಪಮೇಯ (ಹೋಲಿಸುವ ಮುಖ) ಇದೆ, ಉಪಮಾನ (ಹೋಲಿಕೆಗೆ ತಂದ ಚಂದ್ರ) ಇದೆ, ಹೋಲಿಕೆ ಸೂಚಿಸುವ 'ಅಂತೆ' ಅನ್ನುವ ವಾಚಕವೂ ಇದೆ. ಯಾವ ಗುಣದಲ್ಲಿ ಹೋಲಿಕೆ ಅನ್ನುವುದು ಮಾತ್ರ ಇಲ್ಲ. ಅದಕ್ಕೇ ಅದು ಲುಪ್ತೋಪಮೆ. 'ಮನೋಹರವಾಗಿದೆ' ಅಂತ ಸೇರಿಸಿದರೆ ನಾಲ್ಕೂ ಬಂದು ಪೂರ್ಣೋಪಮೆ ಆಗುತ್ತದೆ. ಇಷ್ಟು ಗೊತ್ತಾದ ಮೇಲೆ ಅವಳಿಗೆ ಲಕ್ಷಣ ಉರು ಹೊಡೆಯುವ ಕೆಲಸವೇ ಉಳಿಯಲಿಲ್ಲ. ಮೊದಲು ಸಾಲು ಏನು ಮಾಡುತ್ತಿದೆ ನೋಡಬೇಕು, ಹೆಸರು ಆಮೇಲೆ. ಗೈಡುಗಳು ಇದನ್ನು ಉಲ್ಟಾ ಮಾಡುತ್ತವೆ.

ಚಂದ್ರ, ಕಮಲ ಇವೆಲ್ಲಾ ಬಿಟ್ಟು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕ ಒಂದೇ ಬಸ್ಸನ್ನು ಇಟ್ಟುಕೊಂಡು ಹೇಳಿಕೊಡು. "ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ಬಸವನಹುಳುವಿನಂತೆ ಮೆಲ್ಲಗೆ ಸಾಗಿತು." ಇದು ಉಪಮೆ. ಬಸ್ಸು ಬೇರೆ, ಹುಳು ಬೇರೆ, ನಡುವೆ 'ಅಂತೆ' ನಿಂತಿದೆ. "ಬಸ್ಸೆಂಬ ಬಸವನಹುಳು ಕೊನೆಗೂ ಸಿಲ್ಕ್ ಬೋರ್ಡ್ ದಾಟಿತು." ಇಲ್ಲಿ ಎರಡೂ ಒಂದೇ ಆಗಿಹೋದವು, ಭೇದವಿಲ್ಲ. ರೂಪಕ. "ಮನೆಗೆ ಹೋಗಲು ಮನಸ್ಸೇ ಇಲ್ಲವೇನೋ ಎಂಬಂತೆ ಬಸ್ಸು ನಿಂತುಬಿಟ್ಟಿತ್ತು." ಬಸ್ಸಿಗೆ ಮನಸ್ಸಿಲ್ಲ. ನಾವು ಕಲ್ಪಿಸಿಕೊಂಡೆವು. ಅದು ಉತ್ಪ್ರೇಕ್ಷೆ. ನಿನ್ನ ಮಗ 'ಎಂಬಂತೆ' ಒಳಗಿರುವ 'ಅಂತೆ' ನೋಡಿ ಉಪಮೆ ಅಂತ ಬರೆದಿರುತ್ತಾನೆ, ಬೆಟ್ ಕಟ್ಟುತ್ತೇನೆ. ತುಂಬಾ ಮಕ್ಕಳು ಅಲ್ಲೇ ಬೀಳುತ್ತಾರೆ. ಇನ್ನು "ಪಿಯುಸಿ ಸೇರಿದಾಗ ಹತ್ತಿದ ಬಸ್ಸು ಡಿಗ್ರಿ ಮುಗಿಯುವ ಹೊತ್ತಿಗೆ ಸಿಲ್ಕ್ ಬೋರ್ಡ್ ದಾಟಿತು" ಅಂದರೆ ಅತಿಶಯೋಕ್ತಿ. ಅದು ಅತಿಶಯೋಕ್ತಿಯೇ ಅಲ್ಲ ಅಂತ ಅಕ್ಕನ ಮಗಳು ವಾದ ಮಾಡಿದಳು, ಇರಲಿ.

ದೃಷ್ಟಾಂತ ಮತ್ತು ಅರ್ಥಾಂತರನ್ಯಾಸ, ಈ ಜೋಡಿ ಸ್ವಲ್ಪ ಕಾಡುತ್ತದೆ. ಇದಕ್ಕೆ ಒಂದೇ ಗಾದೆ ಸಾಕು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಎರಡು ಬೇರೆ ಬೇರೆ ವಾಕ್ಯ, ಒಂದರ ಅರ್ಥ ಇನ್ನೊಂದರಲ್ಲಿ ಪ್ರತಿಬಿಂಬದಂತೆ ಕಾಣುತ್ತದೆ. ಇದು ದೃಷ್ಟಾಂತ. ಈಗ ಹೀಗೆ ಹೇಳು: "ಸೀನ ನಗುನಗುತ್ತಾ ಮಾತಾಡಿ ಆಟೋದವನ ಹತ್ತಿರ ಮೀಟರ್ ಹಾಕಿಸಿದ, ಮಾತು ಬಲ್ಲವನಿಗೆ ಜಗಳವಿಲ್ಲ ಅಲ್ಲವೇ?" ಈಗ ಒಂದು ಕಡೆ ಸೀನನ ವಿಶೇಷ ಸಂಗತಿ, ಇನ್ನೊಂದು ಕಡೆ ಅದಕ್ಕೆ ಸಮರ್ಥನೆಯಾಗಿ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಮಾತು. ಅರ್ಥಾಂತರನ್ಯಾಸ ಆಯಿತು. ಗಾದೆ ಅದೇ, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಅಲಂಕಾರ ಬದಲಾಯಿತು.

ನಿನ್ನ ಮಗನಿಗೆ ಇದೆಲ್ಲಾ ಹಳೇ ಕಾಲದ ಕಂತೆ ಅನಿಸಿದರೆ ಇದೊಂದು ಹೇಳು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಪುಸ್ತಕಗಳಲ್ಲೇ ಹಳೆಯದು 9ನೇ ಶತಮಾನದ ಕವಿರಾಜಮಾರ್ಗ. ಅದು ಕಥೆಯಲ್ಲ, ರಾಜನ ಹೊಗಳಿಕೆಯೂ ಅಲ್ಲ. ಕಾವ್ಯ ಹೇಗಿರಬೇಕು, ದೋಷ ಯಾವುದು, ಅಲಂಕಾರ ಯಾವುದು ಅಂತ ಹೇಳುವ ಪುಸ್ತಕ. ಆಮೇಲೆ 10ನೇ ಶತಮಾನದಲ್ಲಿ ನಾಗವರ್ಮ ಛಂದೋಂಬುಧಿ ಬರೆದ. ಅದನ್ನು ಹೆಂಡತಿಗೆ ಹೇಳಿಕೊಡುವ ಹಾಗೆ ಬರೆದಿದ್ದಾನೆ. ಮನೆಯಲ್ಲಿ ಛಂದಸ್ಸು ಹೇಳಿಕೊಡುವ ಕಷ್ಟ ನಿನಗೊಬ್ಬನಿಗೇ ಅಂದುಕೊಳ್ಳಬೇಡ.

ಛಂದಸ್ಸಿಗೆ ಬರುತ್ತೇನೆ. ಇದರಲ್ಲಿ ಬುದ್ಧಿಗಿಂತ ಅಭ್ಯಾಸ ಜಾಸ್ತಿ. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು; ಇಂಥ ಮೂರಕ್ಷರದ ಗುಂಪೇ ಗಣ. ಗಣಗಳ ಹೆಸರು ನೆನಪಿಡುವ 'ಯಮಾತಾರಾಜಭಾನಸಲಗಂ' ಸೂತ್ರ (ಇದರ 'ಯಮಾತಾ' ಅಂದರೆ ಲಘು, ಗುರು, ಗುರು, ಅದು ಯಗಣ; ಉಳಿದವೂ ಹೀಗೇ) ಅವನಿಗೆ ಬರುತ್ತದೆ, ಪೇಪರಿನ ಮೂಲೆಯಲ್ಲಿ ಬರೆದುಕೊಂಡಿದ್ದಾನೆ. ಬಳಸಲು ಬರುವುದಿಲ್ಲ. ನಾವು ಮೆಟ್ರೋದಲ್ಲಿ, ಬಸ್ಸಿನಲ್ಲಿ ಹೋಗುವಾಗ ಬೋರ್ಡು ನೋಡಿ ಏರಿಯಾ ಹೆಸರುಗಳಿಗೇ ಪ್ರಸ್ತಾರ ಹಾಕುತ್ತೇವೆ, ಅಂದರೆ ಲಘು ಗುರು ಗುರುತಿಸುತ್ತೇವೆ. ಮಾಗಡಿ: ಗುರು, ಲಘು, ಲಘು. ಭಗಣ. ಕೆಂಗೇರಿ: ಅನುಸ್ವಾರ ಇರುವುದರಿಂದ 'ಕೆಂ' ಗುರು, 'ಗೇ' ದೀರ್ಘ, ಕೊನೆಗೆ ಲಘು. ತಗಣ. ಬಸವನಗುಡಿ ಪೂರ್ತಿ ಲಘು, ಎರಡು ನಗಣ ಸಲೀಸಾಗಿ ಹೋಗುತ್ತವೆ. ಯಶವಂತಪುರ ಸಗಣ, ನಗಣ. ಶಿವಾಜಿನಗರ ಜಗಣ, ನಗಣ. ಕೋರಮಂಗಲದ ಮೊದಲ ಮೂರಕ್ಷರ ರಗಣ.

ಮೆಜೆಸ್ಟಿಕ್‌ನಲ್ಲಿ ಸ್ವಲ್ಪ ಇಳಿದು ನೋಡಬೇಕು. 'ಮೆ' ಲಘು. 'ಜೆ' ಹ್ರಸ್ವವೇ, ಆದರೆ ಮುಂದೆ ಒತ್ತಕ್ಷರ ಇರುವುದರಿಂದ ಗುರು. 'ಸ್ಟಿ' ಕೂಡ ಹ್ರಸ್ವ, ಮುಂದೆ 'ಕ್' ಅಂತ ಬರೀ ವ್ಯಂಜನ ಇದೆ, ಅದೂ ಗುರು. ಲಘು, ಗುರು, ಗುರು: ಯಗಣ. ನಿನ್ನ ಮಗನ ಪೇಪರಿನಲ್ಲಿ ಒತ್ತಕ್ಷರ ಕಂಡಲ್ಲೆಲ್ಲಾ ಅದರ ತಲೆ ಮೇಲೇ ಗುರು ಕೂತಿದೆ. ಗುರು ಆಗುವುದು ಒತ್ತಕ್ಷರದ ಹಿಂದಿನ ಅಕ್ಷರ. ಒಂದು ಕಡೆ ಹೀಗೆ ತಪ್ಪಿದರೆ ಸಾಲಿನ ಲೆಕ್ಕವೇ ಕೆಡುತ್ತದೆ. ಎಂಟು ಗಣಗಳಲ್ಲಿ ಮಗಣ ಮಾತ್ರ ನಮಗೆ ಸಿಗುತ್ತಿರಲಿಲ್ಲ, ಮೊದಲ ಮೂರಕ್ಷರವೂ ಗುರು ಆಗಿರುವ ಹೆಸರು ಬೇಕಲ್ಲ. ಕೊನೆಗೆ ಅಕ್ಕನ ಮಗಳೇ "ಬನ್ನೇರ್ಘಟ್ಟ!" ಅಂತ ಬಸ್ಸಿನಲ್ಲಿ ಕೂಗಿದಳು. ಕಂಡಕ್ಟರ್ ಟಿಕೆಟ್ ಕೊಡಲು ಬಂದ.

ಪ್ರತಿ ಸಾಲಿಗೂ ಇಷ್ಟೇ ಅಕ್ಷರ ಅಂತ ಲೆಕ್ಕವಿರುವ ಪದ್ಯಗಳು, ಅಂದರೆ ವೃತ್ತಗಳಿಗೆ ಒಂದು ಅಡ್ಡದಾರಿ ಇದೆ, ಮೋಸವೇನಲ್ಲ. ಮೊದಲು ಸಾಲಿನ ಅಕ್ಷರ ಎಣಿಸು. 19 ಬಂದರೆ ಶಾರ್ದೂಲವಿಕ್ರೀಡಿತ, 22 ಬಂದರೆ ಮಹಾಸ್ರಗ್ಧರಾ. 20 ಬಂದರೆ ಉತ್ಪಲಮಾಲೆ ಅಥವಾ ಮತ್ತೇಭವಿಕ್ರೀಡಿತ: ಗುರುವಿನಿಂದ ಶುರುವಾದರೆ ಉತ್ಪಲ, ಎರಡು ಲಘುವಿನಿಂದಾದರೆ ಮತ್ತೇಭ. 21 ಬಂದರೆ ಚಂಪಕಮಾಲೆ ಅಥವಾ ಸ್ರಗ್ಧರಾ: ಮೊದಲ ನಾಲ್ಕೂ ಲಘುವಾದರೆ ಚಂಪಕ, ನಾಲ್ಕೂ ಗುರುವಾದರೆ ಸ್ರಗ್ಧರಾ. ಹೆಸರು ಗೊತ್ತಾದ ಮೇಲೆ ಗಣ ವಿಭಾಗ ಸರಿಯಾಗಿದೆಯಾ ಅಂತ ತಾಳೆ ನೋಡಿಕೊಳ್ಳಬಹುದು. ಕಂದ, ಷಟ್ಪದಿ ಮಾತ್ರಾಗಣದವು, ಅಕ್ಷರದ ಬದಲು ಮಾತ್ರೆ ಎಣಿಸಬೇಕು, ಅಲ್ಲಿ ಈ ಆಟ ನಡೆಯುವುದಿಲ್ಲ. ಭಾಮಿನಿ ಷಟ್ಪದಿಗೆ ಕೈತಟ್ಟಿ ಕಲಿಸು: ಮಾತ್ರೆ 3, 4, 3, 4. ಮೂರನೇ ಮತ್ತು ಆರನೇ ಸಾಲಿನಲ್ಲಿ ಆ ಜೋಡಿ ಮೂರು ಸಲ ಬಂದು ಮೇಲೊಂದು ಗುರು. ಗಮಕಿಗಳು ಕುಮಾರವ್ಯಾಸನನ್ನು ಹಾಡುವುದನ್ನು ಒಂದು ಸಲ ಕೇಳಿಸಿಬಿಡು. ಅರ್ಥ ಆಗದಿದ್ದರೂ ಪರವಾಗಿಲ್ಲ, ನಡೆ ಕಿವಿಯಲ್ಲಿ ಕೂರುತ್ತದೆ.

ಇಂಗ್ಲಿಷ್ ಪೇಪರಿನ ಸಿಮಿಲಿ, ಮೆಟಫರ್, ಹೈಪರ್ಬೊಲಿಗೆ ಬೇರೆ ನೋಟ್ಸ್ ಮಾಡಿಸಬೇಡ. ಉಪಮೆ, ರೂಪಕ, ಅತಿಶಯೋಕ್ತಿ ತಿಳಿದವನಿಗೆ ಅವು ಹೊಸತಲ್ಲ. ಅಲಿಟರೇಶನ್ ಅಂದರೆ ನಮ್ಮ ಅನುಪ್ರಾಸದ ನೆಂಟ.

ಗೊತ್ತಿಲ್ಲದ ಪದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಅಲ್ಲೂ ಇದೇ ಕೈ ಹಿಡಿಯುತ್ತದೆ. ಹೋಲಿಕೆ ಕಂಡ ಕೂಡಲೇ 'ಕವಿ ಇದನ್ನೇ ಯಾಕೆ ತಂದ, ಯಾವ ಗುಣಕ್ಕೆ?' ಅಂತ ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಿತು.

ಭಾನುವಾರ ಮಧ್ಯಾಹ್ನ ಅವನನ್ನು ಕರೆದುಕೊಂಡು ಬಾ. ಹಳೇ ಪ್ರಶ್ನೆಪತ್ರಿಕೆಗಳಿದ್ದರೆ ತಾ, ಗೈಡ್ ಮನೆಯಲ್ಲೇ ಇರಲಿ. ಸಮನ್ವಯ ಒಂದನ್ನೇ ಬರೆಸೋಣ, ಲಕ್ಷಣ ಬೇಡ. ಸಂಧಿ, ಸಮಾಸ ಅವನಿಗೆ ಹೇಗೂ ಬರುತ್ತದೆ. ಬರುವಾಗ ದಾರಿಯಲ್ಲಿ ರಾಜಾಜಿನಗರಕ್ಕೆ ಪ್ರಸ್ತಾರ ಹಾಕಿಸಿ ನೋಡು.

ನಿನ್ನವ