ಬಾಯ್ಲರ್ ಇನ್ನು ಎರಡೇ ಗಂಟೆ ಉರಿಯುತ್ತದೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಲಾಂಡ್ರಿಯ ಡೀಸೆಲ್ ಬಾಯ್ಲರ್ ದಿನಕ್ಕೆ ಎರಡು ಗಂಟೆ ಮಾತ್ರ ಉರಿಯುತ್ತದೆ. ನೀರು ಕಾಯಿಸುವ ಮತ್ತು ಬಟ್ಟೆ ಒಣಗಿಸುವ ಕೆಲಸ ಇನ್ನು ಹೀಟ್ ಪಂಪ್‌ನದು, ಅಂದರೆ ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕರೆಂಟು ಯಂತ್ರದ್ದು. ಅದಕ್ಕೆ ಬೇಕಾದ ಕರೆಂಟು ಆದಷ್ಟೂ ನಮ್ಮ ಚಾವಣಿಯ ಸೋಲಾರ್‌ನಿಂದ ಬರುತ್ತದೆ. ಹಾಗಾಗಿ ಬೆಳಿಗ್ಗೆ 9ರೊಳಗೆ ಕೊಟ್ಟ ಬಟ್ಟೆ ಮರುದಿನ ಸಿಗುತ್ತದೆ. ಆಮೇಲೆ ಕೊಟ್ಟಿದ್ದಕ್ಕೆ ಇನ್ನೂ ಒಂದು ದಿನ ಬೇಕು. ದಿನಗಟ್ಟಲೆ ಮಳೆ ಹಿಡಿದರೆ ಮತ್ತೊಂದು ದಿನ ಜಾಸ್ತಿ ಆಗಬಹುದು. ದರ ಬದಲಾಗುವುದಿಲ್ಲ.

‘ನಮಗೆ ತಡ ಮಾಡಿ ಪರಿಸರದ ಹೆಸರು ಹೇಳ್ತೀರಲ್ಲ’ ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ಕೇಳಬೇಕಾದದ್ದೇ. ನಿಜ ಹೇಳಬೇಕೆಂದರೆ ನಮ್ಮನ್ನು ಮೊದಲು ಚುಚ್ಚಿದ್ದು ಪರಿಸರ ಅಲ್ಲ, ಡೀಸೆಲ್ ಬಿಲ್.

ಡೀಸೆಲ್ ಕೆಟ್ಟ ಇಂಧನ ಅಂತ ನಾವು ಹೇಳುವುದಿಲ್ಲ. ಒಂದು ಲೀಟರಿನಲ್ಲಿ ಸುಮಾರು 10 ಯೂನಿಟ್ (ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್) ಶಕ್ತಿ ಇರುತ್ತದೆ. ರಾತ್ರಿಯಾಗಲಿ ಮಳೆಯಾಗಲಿ, ಗುಂಡಿ ಒತ್ತಿದರೆ ಸಾಕು. ಆದರೆ ಅದೇ ಒಂದು ಲೀಟರ್ ಉರಿದಾಗ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಕೆಜಿಯೂ ತೂಗದ ಎಣ್ಣೆಯಿಂದ ಅಷ್ಟು ಹೇಗೆ? ಗಾಳಿಯ ಆಮ್ಲಜನಕ ಅದಕ್ಕೆ ಬಂದು ಸೇರಿಕೊಳ್ಳುತ್ತದೆ, ಅದಕ್ಕೇ.

ನಮ್ಮಲ್ಲಿ ಇಂಧನ ಕುಡಿಯುವುದು ಒಗೆಯುವ ಕೆಲಸಕ್ಕಿಂತ ಒಣಗಿಸುವ ಕೆಲಸ. ಹಿಂಡಿದ ಬಟ್ಟೆಯಲ್ಲಿ ಉಳಿದ ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.65 ಯೂನಿಟ್ ಶಾಖ ಬೇಕೇ ಬೇಕು, ಯಾವ ಇಂಧನ ಬಳಸಿದರೂ ಅಷ್ಟೇ. ಹಳೆಯ ಡ್ರೈಯರ್ ಆ ಬಿಸಿ ಗಾಳಿಯನ್ನು ಕೊಳವೆಯಲ್ಲಿ ಹೊರಗೆ ಊದಿಬಿಡುತ್ತಿತ್ತು. ಅಂದರೆ ಡೀಸೆಲ್ ಸುಟ್ಟು ನಾವು ಬೀದಿಯನ್ನು ಬೆಚ್ಚಗೆ ಮಾಡುತ್ತಿದ್ದೆವು! ಹೀಟ್ ಪಂಪ್ ಡ್ರೈಯರ್ ಆ ಆವಿಯನ್ನು ಒಳಗೇ ತಣಿಸಿ ನೀರು ಮಾಡುತ್ತದೆ, ಅದು ಬಿಟ್ಟ ಶಾಖವನ್ನು ಮತ್ತೆ ಬಟ್ಟೆಗೇ ಕೊಡುತ್ತದೆ. ನೀರು ಕಾಯಿಸುವ ಪಂಪ್ ಸುತ್ತಲಿನ ಗಾಳಿಯಿಂದ ಶಾಖ ಎಳೆದುಕೊಂಡು, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ.

ಸೋಲಾರ್ ಸಾಲದ ದಿನ ಹೊರಗಿನ ಲೈನಿನ ಕರೆಂಟನ್ನೇ ಬಳಸಬೇಕು. ಜಗತ್ತಿನ ಕರೆಂಟಿನಲ್ಲಿ ನೂರಕ್ಕೆ ಸುಮಾರು 60 ಭಾಗ ಈಗಲೂ ಕಲ್ಲಿದ್ದಲು, ಅನಿಲ, ಎಣ್ಣೆಯಿಂದಲೇ ಬರುವುದು. ಅಂಥ ದಿನ ನಮ್ಮ ಹೊಗೆ ಇಲ್ಲವಾಗುವುದಿಲ್ಲ, ಬೇರೆ ಊರಿನ ಚಿಮಣಿಗೆ ಹೋಗುತ್ತದೆ ಅಷ್ಟೆ. ಪಂಪ್‌ನೊಳಗೆ ಶಾಖ ಹೊತ್ತೊಯ್ಯುವ ಒಂದು ಅನಿಲವೂ ಇರುತ್ತದೆ. ಕೆಲವು ಬಗೆಯ ಅನಿಲ ಸೋರಿದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಪಟ್ಟು ಜಾಸ್ತಿ. ನಾವು ಪ್ರೊಪೇನ್ ಬಳಸುವ ಯಂತ್ರ ತಂದಿದ್ದೇವೆ. ಅದರಲ್ಲಿ ಆ ತೊಂದರೆ ತೀರಾ ಕಮ್ಮಿ. ಆದರೆ ಪ್ರೊಪೇನ್‌ಗೆ ಬೆಂಕಿ ಹತ್ತಿಕೊಳ್ಳುತ್ತದೆ, ಹಾಗಾಗಿ ಯಂತ್ರವನ್ನು ಕಟ್ಟಡದ ಹೊರಗೆ ಇಟ್ಟಿದ್ದೇವೆ.

ಸೋಲಾರ್ ಕರೆಂಟು ಕೂಡಿಡಲು ಬ್ಯಾಟರಿ ಯಾಕೆ ಹಾಕಲಿಲ್ಲ ಅನ್ನುವ ಪ್ರಶ್ನೆ ನಮ್ಮ ಸಂಘದ ಸಭೆಯಲ್ಲೂ ಬಂತು. ನಮಗೆ ಕೊನೆಗೆ ಬೇಕಾಗಿರುವುದು ಬಿಸಿನೀರು, ಅಲ್ವಾ? 1000 ಲೀಟರ್ ನೀರನ್ನು 40 ಡಿಗ್ರಿಯಷ್ಟು ಬಿಸಿ ಏರಿಸಿ ಇಟ್ಟರೆ ಅದರಲ್ಲೇ 46 ಯೂನಿಟ್ ಶಾಖ ಕೂತಿರುತ್ತದೆ. ಒಳ್ಳೆಯ ಹೊದಿಕೆ ಇರುವ ಟ್ಯಾಂಕ್ ಸಾಕು. ಬ್ಯಾಟರಿಗೆ ಬೇಕಾದ ಲಿಥಿಯಂ ಲೋಹ ಅಗೆಯುವುದು ಬೇಡ, ಹತ್ತು ಹದಿನೈದು ವರ್ಷಕ್ಕೆ ಬದಲಿಸುವುದೂ ಬೇಡ. ಮಧ್ಯಾಹ್ನ ಕಾಯಿಸಿದ ನೀರಿನಲ್ಲಿ ಮರುದಿನ ಬೆಳಿಗ್ಗೆ ಒಗೆಯುತ್ತೇವೆ. ನಿಮ್ಮ ಬಟ್ಟೆಗೆ 9 ಗಂಟೆಯ ಗಡುವು ಬಂದದ್ದು ಇಲ್ಲಿಂದಲೇ: ಬೆಳಿಗ್ಗೆ ಒಗೆದದ್ದು ಬಿಸಿಲಿರುವಾಗಲೇ ಒಣಗಬೇಕು.

ಕಟ್ಟಿಗೆ ಬಾಯ್ಲರ್ ಬಗ್ಗೆ ತುಂಬಾ ವಾದ ಆಯಿತು. ಮರ ಮತ್ತೆ ಬೆಳೆಯುತ್ತದೆ, ನಿಜ. ಒಂದು ಗಂಟೆಯಲ್ಲಿ ಸುಟ್ಟದ್ದು ಬೆಳೆಯಲು ಹತ್ತಾರು ವರ್ಷ ಬೇಕು. ಅಕ್ಕಪಕ್ಕದವರಿಗೆ ಹೊಗೆ ಬೇರೆ. ಗಾಳಿಯಿಂದ ಕರೆಂಟು ಮಾಡುವ ಯಂತ್ರ ನಮ್ಮ ತಗ್ಗು ಚಾವಣಿಗೆ ಆಗಿಬರುವುದಿಲ್ಲ: ಗಾಳಿಯ ವೇಗ ಅರ್ಧವಾದರೆ ಅದರ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹೈಡ್ರೋಜನ್? ಇವತ್ತು ಸಿಗುವುದರಲ್ಲಿ ಹೆಚ್ಚಿನದು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ ಮಾಡಿದ್ದು. ಸುಮ್ನೆ ಹೆಸರು ಬದಲಿಸಿದ ಹಾಗೆ.

ಹಾಗಾದರೆ ಎರಡು ಗಂಟೆ ಡೀಸೆಲ್ ಯಾಕೆ ಉಳಿಯಿತು? ನಮ್ಮ ಪಂಪ್ 65 ಡಿಗ್ರಿಯಷ್ಟಕ್ಕೆ ಸುಸ್ತಾಗುತ್ತದೆ. ಹಾಸಿಗೆ ಬಟ್ಟೆಯ ಇಸ್ತ್ರಿ ರೋಲರ್‌ಗೆ 150 ಡಿಗ್ರಿ ದಾಟಬೇಕು. ಚಿಕಿತ್ಸಾಲಯಗಳ ಬಟ್ಟೆಗೂ ಇನ್ನಷ್ಟು ಬಿಸಿನೀರು ಬೇಕು, ಅದರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ರೋಲರನ್ನು ಕರೆಂಟಿಗೆ ಬದಲಿಸಬಹುದಿತ್ತು. ಈಗಾಗಲೇ ಪ್ಯಾನೆಲ್ ಸಾಲ ಹೆಗಲ ಮೇಲಿದೆ, ಇನ್ನೊಂದು ಸಾಲಕ್ಕೆ ಸಂಘದಲ್ಲಿ ಧೈರ್ಯ ಇಲ್ಲ.

ಅವಸರ ಇದ್ದರೆ ಚೀಟಿಯಲ್ಲಿ ‘ತುರ್ತು’ ಎಂದು ಬರೆಯಿರಿ, ಬಾಯ್ಲರ್ ಉರಿಯುವ ಹೊತ್ತಿಗೆ ಅದನ್ನೂ ಸೇರಿಸುತ್ತೇವೆ. ಹೊಸ ಡ್ರೈಯರ್ ಕಮ್ಮಿ ಬಿಸಿಯಲ್ಲಿ, ನಿಧಾನವಾಗಿ ಒಣಗಿಸುತ್ತದೆ. ಟವೆಲ್ ಮೊದಲಿನ ಹಾಗೆ ಸುಡುಸುಡು ಸಿಗದಿದ್ದರೆ ಹಸಿಯಾಗಿದೆ ಅಂದುಕೊಳ್ಳಬೇಡಿ, ಒಮ್ಮೆ ಮುಟ್ಟಿ ನೋಡಿ. ನಿಜಕ್ಕೂ ಹಸಿಯಿದ್ದರೆ ವಾಪಸ್ ಕಳಿಸಿ, ದುಡ್ಡು ತೆಗೆದುಕೊಳ್ಳದೆ ಮತ್ತೆ ಒಣಗಿಸಿ ಕೊಡುತ್ತೇವೆ.

ಇಂತಿ,
ಕಾರ್ಯದರ್ಶಿ
ಲಾಂಡ್ರಿ ಕೆಲಸಗಾರರ ಸಹಕಾರ ಸಂಘ