ಆ ಗುಂಪಿನಲ್ಲಿ ನಾನೂ ಇದ್ದೆ

ಕುಂಬಳೆ

ಪ್ರೀತಿಯ ಗೆಳೆಯಾ,

ಶಾರ್ಜಾದಲ್ಲಿ ಸೆಖೆ ಹೇಗಿದೆ? ಇಲ್ಲಿ ಮಳೆ ಬಿಟ್ಟಿಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಉಮ್ಮ ಸಿಕ್ಕಿದ್ದರು. ಪತ್ತಿರಿ ಮಾಡ್ತೇನೆ, ಮನೆಗೆ ಬಾ ಅಂದರು. ಹೂಂ ಅಂದೆ. ಆದರೆ ಅವರ ಮುಖ ನೋಡಿ ಮಾತಾಡಲು ನನ್ನಿಂದ ಆಗಲಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಎರಡು ಸಲ ಹೇಳಲು ಹೊರಟೆ, ಬಾಯಿ ಬರಲಿಲ್ಲ.

ಈ ಸೆಮಿಸ್ಟರ್‌ನಲ್ಲಿ ನಮಗೆ ನರಮೇಧಗಳ ಬಗ್ಗೆ ಪಾಠ ಇದೆ. ಜರ್ಮನಿಯಿಂದ ಶುರುವಾಯಿತು. 60 ಲಕ್ಷ ಯಹೂದಿಗಳು. ‘ಜೆನೊಸೈಡ್’ ಅನ್ನುವ ಪದ 1944ರ ತನಕ ಇರಲೇ ಇಲ್ಲ. ಅದನ್ನು ಕಟ್ಟಿದ ವಕೀಲ ರಾಫೆಲ್ ಲೆಮ್ಕಿನ್ ಅವರ ಅಪ್ಪ ಅಮ್ಮನೂ ಅದೇ ಕೊಲೆಗಳಲ್ಲಿ ಹೋದವರು. ಇದನ್ನೆಲ್ಲ ನೋಟ್ಸ್ ಬರೆದುಕೊಂಡೆ. ಪರೀಕ್ಷೆಗೆ ಬರುತ್ತದೆ ಅಂತ ಬರೆದುಕೊಂಡೆ, ಅಷ್ಟೇ.

ಆಮೇಲೆ ಟೀಚರು 1937ರ ಒಂದು ಸಂಗತಿ ಹೇಳಿದರು. ಹೈಟಿ ಮತ್ತು ಡೊಮಿನಿಕನ್ ರಿಪಬ್ಲಿಕ್, ಒಂದೇ ದ್ವೀಪದಲ್ಲಿ ಎರಡು ದೇಶ. ಗಡಿಯಲ್ಲಿ ಜನ ಬೆರೆತು ಬದುಕುತ್ತಿದ್ದರು. ಎರಡೂ ಭಾಷೆ ಆಡುವವರು, ಆಚೀಚೆ ವ್ಯಾಪಾರ, ಮದುವೆ. ನಮ್ಮ ತಲಪಾಡಿ, ಮಂಜೇಶ್ವರದ ಕಡೆಯ ಹಾಗೇ ಅಲ್ವಾ? ಅಲ್ಲಿಗೆ ಡೊಮಿನಿಕನ್ ಸರ್ವಾಧಿಕಾರಿ ಟ್ರುಹಿಯೊ ಸೈನಿಕರನ್ನು ಬಿಟ್ಟ. ಅಕ್ಟೋಬರಿನ ಕೆಲವೇ ದಿನಗಳಲ್ಲಿ ಸಾವಿರಾರು ಹೈಟಿಯವರನ್ನು ಕಡಿದು ಹಾಕಿದರು. ಯಾರು ಹೈಟಿಯವರು ಅಂತ ತಿಳಿಯಲು ಕೊತ್ತಂಬರಿಯ ಹಾಗಿರುವ ಪಾರ್ಸ್ಲಿ ಸೊಪ್ಪು ತೋರಿಸಿ, ಇದಕ್ಕೇನು ಹೇಳ್ತೀರಿ ಅಂತ ಕೇಳುತ್ತಿದ್ದರಂತೆ. ಸ್ಪ್ಯಾನಿಷಿನಲ್ಲಿ ‘ಪೆರೆಹಿಲ್’. ಹೈಟಿಯವರ ನಾಲಗೆಗೆ ಅದರ ‘ರ’ ಸರಿಯಾಗಿ ಹೊರಳುವುದಿಲ್ಲ.

ಒಂದು ಅಕ್ಷರ, ಮಾರಾಯ!

ನನಗೆ ನಮ್ಮ ಶಾಲೆ ನೆನಪಾಯಿತು. ಕಲ್ಲಿಕೋಟೆಗೆ ನಾನು ‘ಕೋಳಿಕ್ಕೋಡ್’ ಅನ್ನುತ್ತಿದ್ದೆ. ನೀನು ನಿಮ್ಮ ಮನೆಯ ಮಾತಿನಲ್ಲಿ ‘ಕೋಯಿಕ್ಕೋಡ್’ ಅನ್ನುತ್ತಿದ್ದೆ. ತೆಂಕು ಕಡೆಯಿಂದ ವರ್ಗವಾಗಿ ಬಂದ ಸರ್ ಇಬ್ಬರನ್ನೂ ನಿಲ್ಲಿಸಿ ‘ಕೋೞಿಕ್ಕೋಡ್’ ಅಂತ ಹೇಳಿಸುತ್ತಿದ್ದರು. ಆ ೞ ಹಳಗನ್ನಡದಲ್ಲಿ ನಮಗೂ ಇತ್ತು, ಈಗ ನನ್ನ ನಾಲಗೆಯಲ್ಲಿಲ್ಲ. ಇಲ್ಲಿ ಬಾಯಿ ತೆರೆದರೆ ಸಾಕು, ತುಳುವಿನವನೋ, ಕೊಂಕಣಿಯವನೋ, ಬ್ಯಾರಿಯೋ, ಕರಾಡನೋ ಅಂತ ಬಸ್ಸಿನ ಕಂಡಕ್ಟರಿಗೂ ಗೊತ್ತಾಗುತ್ತದೆ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು. ಹಾಗೆ ಗುರುತು ಹಿಡಿಯುವುದನ್ನು ಕೊಲ್ಲುವುದಕ್ಕೂ ಬಳಸಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಮುಂದಿನ ವಾರ ಆಫ್ರಿಕಾದ ರುವಾಂಡಾ. ಅಲ್ಲಿ ಭಾಷೆಯೂ ಒಂದೇ. ಹುಟು, ಟುಟ್ಸಿ ಅಂತ ಎರಡು ದೊಡ್ಡ ಸಮುದಾಯ, ಇಬ್ಬರ ಮಾತೂ ಕಿನ್ಯಾರ್ವಾಂಡಾ. ಬೆಲ್ಜಿಯಂನವರು ಆಳುವಾಗ, 1930ರ ದಶಕದಲ್ಲಿ, ಎಲ್ಲರಿಗೂ ಗುರುತಿನ ಕಾರ್ಡು ಮಾಡಿಸಿ ಅದರಲ್ಲಿ ಹುಟು, ಟುಟ್ಸಿ, ತ್ವಾ ಅಂತ ಬರೆಸಿದರು. ಅಪ್ಪನದ್ದು ಮಗನಿಗೆ. 1994ರ ಏಪ್ರಿಲಿನಲ್ಲಿ ರಸ್ತೆಗೆ ಅಡ್ಡ ಮರ ಹಾಕಿ ನಿಂತ ಹುಟು ಗುಂಪುಗಳು ಕೇಳಿದ್ದು ಅದೇ ಕಾರ್ಡು. ಸುಮಾರು 100 ದಿನಗಳಲ್ಲಿ 8 ಲಕ್ಷ ಜನ ಹೋದರು, ಹೆಚ್ಚಿನವರು ಟುಟ್ಸಿಗಳು. ಕೊಂದವರಲ್ಲಿ ಎಷ್ಟೋ ಜನ ನೆರೆಮನೆಯವರು. ಕೈಯಲ್ಲಿ ಹೊಲದ ಕೆಲಸದ ಕತ್ತಿ. ನಮ್ಮ ಜಗಲಿಯಲ್ಲಿ ಸಿಕ್ಕಿಸಿಟ್ಟ ಕತ್ತಿಯನ್ನು ಆವತ್ತು ಸಂಜೆ ಸುಮಾರು ಹೊತ್ತು ನೋಡುತ್ತಾ ಕೂತಿದ್ದೆ. ಅಪ್ಪ ದಿನಾ ತೋಟಕ್ಕೆ ಒಯ್ಯುವ ಕತ್ತಿ.

ಅದಕ್ಕಿಂತ ಜಾಸ್ತಿ ನಿದ್ದೆ ಕೆಡಿಸಿದ್ದು ರೇಡಿಯೋ. 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ ಅನ್ನುವ ಸ್ಟೇಷನ್. ಒಳ್ಳೆಯ ಹಾಡು ಹಾಕುತ್ತಿತ್ತು, ತಮಾಷೆ ಮಾಡುತ್ತಿತ್ತು, ಜನ ಇಷ್ಟಪಟ್ಟು ಕೇಳುತ್ತಿದ್ದರು. ನಡುನಡುವೆ ಟುಟ್ಸಿಗಳನ್ನು ‘ಇನ್ಯೆಂಜಿ’ ಅನ್ನುತ್ತಿತ್ತು. ಹಾಗೆಂದರೆ ಜಿರಳೆ. ಈ ಕೊಲೆಗಳ ವಿಚಾರಣೆಗೆ ಟಾಂಜಾನಿಯಾದ ಅರೂಷಾದಲ್ಲಿದ್ದ ಅಂತಾರಾಷ್ಟ್ರೀಯ ನ್ಯಾಯಾಲಯ 2003ರಲ್ಲಿ ಆ ರೇಡಿಯೋ ಕಟ್ಟಿದವರಿಗೂ ಶಿಕ್ಷೆ ಕೊಟ್ಟಿತು.

ಟೀಚರು ಕೇಳಿದರು: ಕೇಳಿಸಿಕೊಂಡು ಸುಮ್ನೆ ಕೂತವರು ಎಷ್ಟು ಜನ ಇರಬಹುದು? ಯಾರೂ ಉತ್ತರ ಹೇಳಲಿಲ್ಲ. ನಾನು ಡೆಸ್ಕು ನೋಡುತ್ತಿದ್ದೆ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಹೋದ ವರ್ಷ ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ನಿಮ್ಮವರನ್ನು ಹುಳುಗಳು ಅಂತ ಕರೆದಿತ್ತು. ಕಳಿಸಿದವರು ಹಿರಿಯರು, ನನ್ನ ಫೀಸಿಗೆ ಸಹಾಯ ಮಾಡಿದವರು. ಕೆಲವರು ನಗುವ ಚಿತ್ರ ಹಾಕಿದರು. ನಾನು ನಗಲಿಲ್ಲ. ಆದರೆ ಏನೂ ಬರೆಯಲೂ ಇಲ್ಲ. ಅದೇ ದಿನ ರಾತ್ರಿ ನಿನ್ನ ಹತ್ತಿರ ಅರ್ಧ ಗಂಟೆ ಫುಟ್‌ಬಾಲ್ ಮಾತಾಡಿದೆ.

ಒಂದು ಮೆಸೇಜೂ ನರಮೇಧವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸತ್ತವರಿಗೆ ಅವಮಾನ. ಆದರೆ ಆ ಮಾತು ನನಗೆ ಹೊಸದಾಗಿ ಕೇಳಿಸಲಿಲ್ಲ, ನೋಡು. ರುವಾಂಡಾದ ಪಾಠದಲ್ಲಿ ‘ಜಿರಳೆ’ ಅಂತ ಓದುವಾಗ ಇದನ್ನು ಮೊದಲೇ ನಮ್ಮ ಮನೆಯ ಫೋನಿನಲ್ಲಿ ಓದಿದ್ದೇನೆ ಅನ್ನಿಸಿತು.

ಶುಕ್ರವಾರ ಹಳೆಯ ಮೆಸೇಜ್ ಹುಡುಕಿ ತೆಗೆದು, ಅದರ ಕೆಳಗೇ ಬರೆದೆ: ‘ಇದು ತಪ್ಪು. ಇವರಲ್ಲಿ ಒಬ್ಬ ನನ್ನ ಗೆಳೆಯ. ಅವನ ಮನೆಯಲ್ಲಿ ನಾನು ಉಂಡಿದ್ದೇನೆ.’ ಒಂದು ವರ್ಷ ತಡವಾಗಿ. ಕಳಿಸಿದವರು ಈವರೆಗೂ ಮಾತಾಡಿಲ್ಲ. ಅಮ್ಮ ಹೆದರಿದ್ದಾಳೆ, ಮುಂದಿನ ಫೀಸಿಗೆ ಏನು ಮಾಡುವುದು ಅಂತ. ಅತ್ತಿಗೆ ಮಾತ್ರ ಬೇರೆಯಾಗಿ ಮೆಸೇಜ್ ಮಾಡಿ, ಬರೆದದ್ದು ಒಳ್ಳೆಯದಾಯಿತು ಅಂದರು.

ನಿನಗೆ ಸಿಟ್ಟು ಬಂದರೆ ಬರಲಿ, ಬೈದುಬಿಡು. ನಿನ್ನ ಉಮ್ಮನಿಗೆ ಇದನ್ನು ಹೇಳಬೇಕೋ ಬೇಡವೋ ನನಗೆ ಗೊತ್ತಾಗುತ್ತಿಲ್ಲ. ಹೇಳದೆ ಅಲ್ಲಿ ಕೂತು ಪತ್ತಿರಿ ತಿನ್ನಲು ನನ್ನಿಂದ ಆಗುವುದಿಲ್ಲ. ಭಾನುವಾರದ ಒಳಗೆ ಫೋನ್ ಮಾಡು.

ನಿನ್ನವ