ಸ್ಟಾರ್ ಗುರುತಿಗೂ ಕನ್ನಡ ಬರಲಿ

ಸಂಪಾದಕರಿಗೆ ನಮಸ್ಕಾರ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ದುಗ್ಗಮ್ಮನ ಜಾತ್ರೆ ಬಂದರೆ ಬ್ಯಾನರ್ ಡಿಸೈನು. ಜೊತೆಗೆ, ಬೆಳಿಗ್ಗೆ ನಿಮ್ಮ ಪತ್ರಿಕೆ ಬಿಡಿಸಿದ ಕೂಡಲೇ ಮಡಿಲಿಗೆ ಬೀಳುತ್ತವಲ್ಲ, ಆ ಪಾಂಪ್ಲೆಟ್‌ಗಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಈ ಪತ್ರ ಅಂಥದ್ದೇ ಒಂದು ಪಾಂಪ್ಲೆಟ್ ಬಗ್ಗೆ.

ಕಂಪ್ಯೂಟರ್ ಅಂಗಡಿಯದು. ‘ಹಳೇ ಕಂಪ್ಯೂಟರ್ ಕೊಡಿ, 5 ಪಟ್ಟು ವೇಗದ ಹೊಸದು ಒಯ್ಯಿರಿ’ ಅಂತ ತಲೆಬರಹ. ‘5 ಪಟ್ಟು’ ಎಂಬುದು 72 ಪಾಯಿಂಟಿನಲ್ಲಿ, ಅಂದರೆ ಹತ್ತಿರ ಹತ್ತಿರ ಒಂದು ಇಂಚು, ಹಳದಿ ಮೇಲೆ ಕೆಂಪು. ಅದರ ತುದಿಗೆ ಒಂದು ಸ್ಟಾರ್. ಆ ಸ್ಟಾರಿನ ಅರ್ಥ ಕಾಗದದ ತಳದಲ್ಲಿ, 5 ಪಾಯಿಂಟಿನಲ್ಲಿ, ಇಂಗ್ಲಿಷಿನಲ್ಲಿ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಅದನ್ನು ಕಂಪೋಸ್ ಮಾಡಿದವಳು ನಾನೇ.

ಆ ಇಂಗ್ಲಿಷ್ ಸಾಲುಗಳು ವಾಟ್ಸಾಪ್‌ನಲ್ಲಿ ಬಂದಿದ್ದವು. ಹಾಗೇ ಅಂಟಿಸಿದೆ. ಓದಲಿಲ್ಲ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಇದು: ಜಾಗ ಸಾಲದಿದ್ದರೆ ಮೊದಲು ಚಿಕ್ಕದಾಗುವುದು ತಳದ ಸಾಲು. ಮಾಲೀಕರ ಫೋಟೋ ಯಾವತ್ತೂ ಚಿಕ್ಕದಾಗುವುದಿಲ್ಲ.

ಮದುವೆ ಸೀಸನ್ ಹತ್ತಿರ ಇತ್ತು. ನನ್ನ ಹಳೇ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ನಾನು ಕಸ ಗುಡಿಸಿ, ದೇವರ ಫೋಟೋಗೆ ಹೂ ಹಾಕಿ, ಚಹಾ ಕುಡಿದು ಮುಗಿಸುತ್ತಿದ್ದೆ. ಐದು ಪಟ್ಟು ಬೇಡ, ಮೂರು ಪಟ್ಟಾದರೂ ಸಾಕು ಅನ್ನಿಸಿತು. ಹಳೆಯದನ್ನು ಮೂರು ಸಾವಿರಕ್ಕೆ ಕೊಟ್ಟು, ಮೇಲೆ 44,500 ರೂಪಾಯಿ ಸುರಿದು ಹೊಸದನ್ನು ತಂದೆ. ನಾನೇ ಟೈಪ್ ಮಾಡಿದ ಮಾತನ್ನು ನಾನೇ ನಂಬಿದೆ ನೋಡಿ!

ಹಳೆಯದನ್ನು ಕೊಡುವ ಮೊದಲು ಅಕ್ಕನ ಮಗ ಒಂದು ಒಳ್ಳೆ ಕೆಲಸ ಮಾಡಿದ. ಇಂಜಿನಿಯರಿಂಗ್ ಓದುವ ಹುಡುಗ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ನನ್ನ ದಿನದ ಕೆಲಸವನ್ನೆಲ್ಲ ಎರಡರಲ್ಲೂ ಮಾಡಿಸಿದ. ಆನ್ ಆಗಲು ಹಳೆಯದಕ್ಕೆ 2 ನಿಮಿಷ 40 ಸೆಕೆಂಡು, ಹೊಸದಕ್ಕೆ 18. ಇದು ಐದು ಪಟ್ಟಿಗಿಂತ ಜಾಸ್ತಿನೇ, ಇಲ್ಲ ಅನ್ನುವುದಿಲ್ಲ. ಆದರೆ ದೊಡ್ಡ ಬ್ಯಾನರ್ ಫೈಲ್ ತೆರೆಯಲು ಹಳೆಯದಕ್ಕೆ 70 ಸೆಕೆಂಡು, ಹೊಸದಕ್ಕೆ 48. ಐದು ಪಟ್ಟು ಅಂದಮೇಲೆ 14 ಆಗಬೇಕಿತ್ತಲ್ವಾ? ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಹೆಸರಿಗೆ ಮಾತ್ರ ವ್ಯತ್ಯಾಸ. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು; ಹೊಸದರಲ್ಲಿ ಆರು ಕೋರ್, ಅಂದರೆ ಕೆಲಸ ಮಾಡುವ ಆರು ಆಳು, ಇದ್ದರೂ ಆ ಕಾಲದ ಸಾಫ್ಟ್‌ವೇರ್ ಒಂದಕ್ಕೇ ಕೆಲಸ ಕೊಡುತ್ತದೆ. ಉಳಿದ ಐದು ಕಟ್ಟೆ ಮೇಲೆ ಕೂತಿರುತ್ತವೆ. ಇನ್ನು ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪಿಂಗ್. ಅದು ನನ್ನ ಬೆರಳಿನ ವೇಗ, ಅದಕ್ಕೆ ಯಾವ ಕಂಪನಿ ಏನು ಮಾಡೀತು.

ಆನ್ ಆಗುವುದು ಬೇಗ ಆದದ್ದಕ್ಕೆ ಕಾರಣ ಎಸ್‌ಎಸ್‌ಡಿ, ಅಂದರೆ ಫೈಲುಗಳನ್ನು ಇಡುವ ಹೊಸ ಬಗೆಯ ಡಿಸ್ಕ್, ಅಂತ ಹುಡುಗ ಹೇಳಿದ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಹೋಗಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲ. ‘ಚಿಕ್ಕಮ್ಮಾ, ಇದೊಂದನ್ನೇ ಹಳೇದಕ್ಕೆ ಹಾಕಿಸಿದ್ರೆ ಅರ್ಧ ಕೆಲಸ ಆಗಿಬಿಡ್ತಿತ್ತು’ ಅಂದ. ಮೊದಲೇ ಹೇಳಬಾರದಿತ್ತಾ ಅಂದರೆ, ನೀವು ಕೇಳಲಿಲ್ಲ ಅಂದ.

ಆಮೇಲೆ ಏಪ್ರಿಲ್ ಬಂತು. ನನ್ನ ಅಂಗಡಿಗೆ ಶೀಟಿನ ಛಾವಣಿ. ಮಧ್ಯಾಹ್ನ ಎರಡಕ್ಕೆ ಒಳಗೆ ಮಂಡಕ್ಕಿ ಭಟ್ಟಿ. ಬೆಳಿಗ್ಗೆ 48 ಸೆಕೆಂಡಿಗೆ ತೆರೆಯುತ್ತಿದ್ದ ಅದೇ ಫೈಲು ಆಗ 61 ಸೆಕೆಂಡು ತೆಗೆದುಕೊಂಡಿತು. ಪೆಟ್ಟಿಗೆ ಮೇಲೆ ಪ್ರೊಸೆಸರ್‌ನ ವೇಗ ‘4.4 ಗಿಗಾಹರ್ಟ್ಸ್ ವರೆಗೆ’ ಅಂತ ಅಚ್ಚಾಗಿತ್ತು. ಆ ‘ವರೆಗೆ’ ಸೀರೆ ಅಂಗಡಿಯ ‘ಶೇ 50 ವರೆಗೆ ರಿಯಾಯಿತಿ’ಯ ಅಣ್ಣನೋ ತಮ್ಮನೋ ಇರಬೇಕು. ಪ್ರೊಸೆಸರ್ ತಣ್ಣಗಿದ್ದಾಗ, ಕೆಲಸದ ಹೊರೆ ಕಡಿಮೆ ಇದ್ದಾಗ, ಅಷ್ಟು ವೇಗಕ್ಕೆ ಏರುತ್ತದೆ. ಬಿಸಿ ಜಾಸ್ತಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಕಂಪನಿ ಖಾತ್ರಿ ಕೊಡುವ ವೇಗ 2.5. ಅದು ಯಾವ ಪಾಂಪ್ಲೆಟ್‌ನಲ್ಲೂ ಇರಲಿಲ್ಲ.

ಮಾವನವರ ಭೂತಗನ್ನಡಿ ತಂದು ಕೊನೆಗೂ ಆ ತಳದ ಸಾಲು ಓದಿದೆ. ಸಾರಾಂಶ ಇಷ್ಟು. ಹಾರ್ಡ್ ಡಿಸ್ಕ್ ಇದ್ದ, ಐದು ವರ್ಷ ಹಳೆಯ ಒಂದು ನಿರ್ದಿಷ್ಟ ಮಾಡೆಲ್ ಜೊತೆ ಹೋಲಿಕೆ. ಪರೀಕ್ಷೆಗೆ ಇಟ್ಟ ಹೊಸ ಕಂಪ್ಯೂಟರ್‌ನಲ್ಲಿ 16 ಜಿಬಿ ರ‍್ಯಾಮ್ (ಕೆಲಸ ಮಾಡುವಾಗ ಬಳಸುವ ಮೆಮೊರಿ). ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸುವ ಒಂದು ಪರೀಕ್ಷೆ. ನಿಮ್ಮ ಅನುಭವ ಬೇರೆ ಇರಬಹುದು. ನನಗೆ ಕೊಟ್ಟದ್ದು 8 ಜಿಬಿ! ಕೋರೆಲ್, ಫೋಟೋಶಾಪ್, ವಾಟ್ಸಾಪ್ ಮೂರನ್ನೂ ತೆರೆದರೆ ಅದು ತುಂಬಿ ಹೋಗುತ್ತದೆ. ಆಮೇಲೆ ಅದರಲ್ಲಿ ಹಿಡಿಯದ್ದನ್ನು ಎಸ್‌ಎಸ್‌ಡಿಗೆ ಇಟ್ಟು ತೆಗೆಯುವ ಆಟ ಶುರು.

ಅಂಗಡಿಗೆ ಹೋಗಿ ಕೇಳಿದೆ. ಮಾಲೀಕರು ನಕ್ಕರು. ‘ಅಕ್ಕಾ, ಸ್ಟಾರ್ ಹಾಕಿದ್ದೀವಲ್ರೀ, ನೋಡ್ಲಿಲ್ಲೇನು? ಟೈಪ್ ಮಾಡಿದ್ದೂ ನೀವೇ ಅಲ್ಲೇನ್ರೀ?’

ಉತ್ತರ ಇರಲಿಲ್ಲ. ಬಂದೆ.

ಈ ಗಿಗಾಹರ್ಟ್ಸ್ ಬಗ್ಗೆ ಗಿರಾಕಿಗಳು ನನ್ನನ್ನು ಕೇಳುತ್ತಾರೆ. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನ ಲೆಕ್ಕದಲ್ಲಿ ಹೇಳುತ್ತೇನೆ. ಗಿಗಾಹರ್ಟ್ಸ್ ಅಂದರೆ ಭಟ್ಟರ ಕೈ ಎಷ್ಟು ಬೇಗ ಆಡುತ್ತದೆ ಅನ್ನೋದು. ಒಂದು ಸಲ ಕೈ ಆಡಿದರೆ ಎಷ್ಟು ದೋಸೆ ಆಗುತ್ತದೆ ಅನ್ನೋದು ಬೇರೆ ಲೆಕ್ಕ. 2000ದ ಕೊನೆಯಲ್ಲಿ ಇಂಟೆಲ್ ಕಂಪನಿಯ ಪೆಂಟಿಯಮ್ 4 ಪ್ರೊಸೆಸರ್ ಬಂದಾಗ ಅದರ ಗಡಿಯಾರ, ಅಂದರೆ ಈ ಕೈ ಆಡುವ ವೇಗ, 1.5 ಗಿಗಾಹರ್ಟ್ಸ್, ಆದರೆ ಕೆಲವು ಕೆಲಸಗಳಲ್ಲಿ 1 ಗಿಗಾಹರ್ಟ್ಸ್‌ನ ಪೆಂಟಿಯಮ್ 3 ಮುಂದಿತ್ತು. ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿಯವರು ಇದಕ್ಕೆ ಉತ್ತರವಾಗಿ ಗಡಿಯಾರದ ಸಂಖ್ಯೆಯನ್ನೇ ಹೆಸರಿನಿಂದ ತೆಗೆದರು. ಅಥ್ಲಾನ್ ಎಕ್ಸ್‌ಪಿ 1800+ ಅಂತ ಹೆಸರು, ಓಡುತ್ತಿದ್ದದ್ದು 1533 ಮೆಗಾಹರ್ಟ್ಸ್. ನನ್ನ ಅಂಗಡಿಯ ಮೊದಲ ಕಂಪ್ಯೂಟರ್ ಪೆಂಟಿಯಮ್ 4. ನನಗೆ ಅದರ ಮೇಲೆ ದೂರಿಲ್ಲ, ಹತ್ತು ವರ್ಷ ಅನ್ನ ಹಾಕಿತು. ಆದರೆ ಅಮೆರಿಕದಲ್ಲಿ ಕೆಲವರು, ಪರೀಕ್ಷೆಯ ಅಂಕಗಳನ್ನೇ ತಿರುಚಿ ಅದನ್ನು ಮಾರಿದರು ಅಂತ ಇಂಟೆಲ್ ಮೇಲೆ ಕೇಸು ಹಾಕಿದ್ದರು. ಕಂಪನಿ ತಪ್ಪು ಒಪ್ಪಲಿಲ್ಲ. 2014ರಲ್ಲಿ ರಾಜಿಯಾಗಿ, ಕೊಂಡವರಿಗೆ ತಲಾ 15 ಡಾಲರ್ ಅಂತ ತೀರ್ಮಾನ ಆಯಿತು. ಅಮೆರಿಕದವರಿಗೆ ಮಾತ್ರ. ದಾವಣಗೆರೆಗೆ ಬರಲಿಲ್ಲ ಬಿಡಿ.

ಎಎಂಡಿಗೂ ಅಂಥದ್ದೇ ದಿನ ಬಂತು. ‘8 ಕೋರ್’ ಅಂತ ಮಾರಿದ ಬುಲ್ಡೋಜರ್ ಪ್ರೊಸೆಸರ್‌ನಲ್ಲಿ ಎರಡೆರಡು ಕೋರ್‌ಗಳು ಕೆಲವು ಭಾಗಗಳನ್ನು ಹಂಚಿಕೊಳ್ಳುತ್ತಿದ್ದವು. ಇಬ್ಬರು ಭಟ್ಟರು, ಇಬ್ಬರ ನಡುವೆ ಒಂದೇ ರುಬ್ಬುವ ಕಲ್ಲು. ಹಾಗಾದರೆ ಎಂಟು ಅಂತ ಎಣಿಸಬಹುದಾ? ಕ್ಯಾಲಿಫೋರ್ನಿಯಾದಲ್ಲಿ ಜಗಳ ನಡೆದು 2019ರಲ್ಲಿ 1.21 ಕೋಟಿ ಡಾಲರ್‌ಗೆ ರಾಜಿ ಆಯಿತು.

ನನಗೆ ಇಷ್ಟವಾದ ಕಥೆ ಆಪಲ್‌ನದು. ಆಗ ಡಿಟಿಪಿ ಕೆಲಸದವರೆಲ್ಲ ಮ್ಯಾಕ್ ಅಂದರೆ ಕೈ ಮುಗಿಯುತ್ತಿದ್ದ ಕಾಲ. 2003ರಲ್ಲಿ ಅವರು ಪವರ್ ಮ್ಯಾಕ್ ಜಿ5 ತಂದು ‘ಜಗತ್ತಿನ ಅತಿ ವೇಗದ ಪರ್ಸನಲ್ ಕಂಪ್ಯೂಟರ್’ ಅಂತ ಟಿವಿಯಲ್ಲಿ ಸಾರಿದರು. ಬ್ರಿಟನ್‌ನಲ್ಲಿ ಎಂಟು ಜನ ದೂರು ಕೊಟ್ಟರು. ಎಂಟೇ ಜನ! ಅಲ್ಲಿನ ಟಿವಿ ಆಯೋಗ ತಜ್ಞರನ್ನು ಕೇಳಿತು, ಆ ಮಾತಿಗೆ ಸಾಕಷ್ಟು ಆಧಾರ ಇಲ್ಲ ಅಂತ ಜಾಹೀರಾತನ್ನೇ ನಿಲ್ಲಿಸಿತು. ಆಪಲ್ ಸುಳ್ಳು ಪರೀಕ್ಷೆ ಮಾಡಿರಲಿಲ್ಲ. ಹೊರಗಿನ ಸಂಸ್ಥೆಯಿಂದಲೇ ಮಾಡಿಸಿತ್ತು. ಯಾವ ಪರೀಕ್ಷೆ, ಯಾವ ಸಾಫ್ಟ್‌ವೇರ್, ಯಾರ ಜೊತೆ ಹೋಲಿಕೆ ಅನ್ನುವುದರಲ್ಲಿ ತಕರಾರು ಇತ್ತು. ನನ್ನ ಪಾಂಪ್ಲೆಟ್‌ನಲ್ಲಿ ಆದದ್ದೂ ಅದೇ ತಾನೇ? ‘5 ಪಟ್ಟು’ ಯಾರೋ ಎಲ್ಲೋ ಅಳೆದದ್ದೇ ಇರಬಹುದು. ಅಳೆದ ಕಂಪ್ಯೂಟರ್ ನನಗೆ ಮಾರಿದ್ದಲ್ಲ, ಅಳೆದ ಕೆಲಸ ನನ್ನ ಕೆಲಸ ಅಲ್ಲ.

ನಮ್ಮಲ್ಲಿ ಕಾನೂನು ಇಲ್ಲ ಅಂದುಕೊಂಡಿದ್ದೆ. ನನ್ನ ಹತ್ತಿರ ಅರ್ಜಿ ಟೈಪ್ ಮಾಡಿಸುವ ವಕೀಲರೊಬ್ಬರು ಬೈದು ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದಲ್ಲಿ ಒಂದು ಪ್ರಾಧಿಕಾರ ಇದೆ. 2022ರ ಜೂನ್‌ನಲ್ಲಿ ಅದು ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಮಾರ್ಗಸೂಚಿ ತಂದಿದೆ. ಅದರಲ್ಲಿ ಈ ತಳದ ಸಾಲಿನ ಬಗ್ಗೆಯೇ ನಿಯಮ ಇದೆ. ದೊಡ್ಡ ಮಾತು ಯಾವ ಭಾಷೆಯಲ್ಲಿದೆಯೋ ಷರಾ ಕೂಡ ಅದೇ ಭಾಷೆಯಲ್ಲಿರಬೇಕು. ಅಕ್ಷರದ ಫಾಂಟ್ ಕೂಡ ಅದೇ ಇರಬೇಕು. ಎದ್ದು ಕಾಣುವ ಜಾಗದಲ್ಲಿರಬೇಕು. ಸುಳ್ಳು ಅಥವಾ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಕಟಿಸಿದವರನ್ನೂ ಕಾಯ್ದೆ ಕೇಳಬಹುದಂತೆ. ಅಂದರೆ ನಾನು, ನೀವು ಇಬ್ಬರೂ ಸ್ವಲ್ಪ ಹುಷಾರಾಗಿರಬೇಕು ಅಂತಾಯ್ತು. ದೂರು ಹೇಳಲು 1915 ಅಂತ ಸಹಾಯವಾಣಿಯೂ ಇದೆ.

ಈ ನಿಯಮ ಓದಿದಾಗ ನಗು ಬಂತು. ಇಷ್ಟು ವರ್ಷದಲ್ಲಿ ಎಷ್ಟು ಸ್ಟಾರ್ ಕೂರಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಸೈಟು, ಕೋಚಿಂಗು, ಚೀಟಿ, ಚಿನ್ನ. ಒಂದಾದರೂ ತಳದ ಸಾಲು ಕನ್ನಡದಲ್ಲಿತ್ತಾ ಅಂತ ಹಳೇ ಫೈಲುಗಳನ್ನು ತೆಗೆದು ನೋಡಿದೆ. ಎರಡು ಸಿಕ್ಕವು. ಎರಡೂ ‘ದರದಲ್ಲಿ ಚೌಕಾಸಿ ಇಲ್ಲ’ ಅಂತ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಜಾಹೀರಾತು ವಿಭಾಗದವರು ಕನ್ನಡ ಜಾಹೀರಾತು ತೆಗೆದುಕೊಳ್ಳುವಾಗ ತಳದ ಸಾಲನ್ನು ಒಮ್ಮೆ ಓದಲಿ. ಇಂಗ್ಲಿಷಿನಲ್ಲಿದ್ದರೆ ವಾಪಸ್ ಕಳಿಸಲಿ. ಕಂಪ್ಯೂಟರ್, ಲ್ಯಾಪ್‌ಟಾಪ್ ಜಾಹೀರಾತಾದರೆ ಮೂರು ಮಾತು ಕನ್ನಡದಲ್ಲಿ ಕೇಳಲಿ: ಯಾವುದಕ್ಕಿಂತ ವೇಗ, ಯಾವ ಕೆಲಸದಲ್ಲಿ ವೇಗ, ಮಾರುತ್ತಿರುವುದು ಅಳೆದ ಮಾಡೆಲ್ಲೇನಾ. ಮಗಳ ಓದಿಗೆ ಅಂತ ಸಾಲ ಮಾಡಿ ಲ್ಯಾಪ್‌ಟಾಪ್ ತರುವ ಅಪ್ಪಂದಿರು ನನ್ನ ಅಂಗಡಿಗೇ ಬಂದು ಪಾಂಪ್ಲೆಟ್ ತೋರಿಸಿ ‘ಇದು ಚೆನ್ನಾಗಿದೆಯೇನವ್ವಾ’ ಅಂತ ಕೇಳುತ್ತಾರೆ. ಅವರಿಗೆ 5 ಪಾಯಿಂಟಿನ ಇಂಗ್ಲಿಷ್ ತೋರಿಸಿ ಏನು ಹೇಳಲಿ?

ಹೋದ ವಾರ ಅದೇ ಮಾಲೀಕರು ದೀಪಾವಳಿ ಪಾಂಪ್ಲೆಟ್ ಮಾಡಿಸಲು ಬಂದಿದ್ದರು. ಈ ಸಲ ‘7 ಪಟ್ಟು’. ಷರಾ ಕನ್ನಡದಲ್ಲಿ, ದೊಡ್ಡದಾಗಿ ಹಾಕುತ್ತೇನೆ, ಅನುವಾದಕ್ಕೆ ದುಡ್ಡು ಬೇಡ ಅಂದೆ. ನಾಳೆ ಬರ್ತೀನಿ ಅಕ್ಕಾ ಅಂತ ಹೋದರು, ಇನ್ನೂ ಬಂದಿಲ್ಲ. ಬೇರೆ ಡಿಟಿಪಿಯಲ್ಲಿ ಮಾಡಿಸಿಕೊಂಡು ನಿಮ್ಮ ಕಚೇರಿಗೇ ಬಂದರೂ ಬಂದಾರು. ಬಂದರೆ ದಯವಿಟ್ಟು ಕೆಳಗಡೆ ನೋಡಿ.

— ಡಿಟಿಪಿ ಅಂಗಡಿಯಾಕೆ, ಕೆ.ಬಿ. ಬಡಾವಣೆ, ದಾವಣಗೆರೆ